ಸೂಪರ್ ಲೀಗ್, ಕ್ಲಬ್‌ಗಳ ದುಡ್ಡು, ಪಾಯಿಂಟ್ ಕಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ರಾತ್ರಿ ಮ್ಯಾಚ್ ನೋಡಲು ಸೇರುವ ನಮ್ಮ ಗುಂಪಿನಲ್ಲಿ ಆಟಕ್ಕಿಂತ ಜಾಸ್ತಿ ಜಗಳ ಆಗುವುದು ದುಡ್ಡಿನ ವಿಷಯಕ್ಕೆ. ಅಲ್ಲಿ, ವಾಟ್ಸಾಪ್‌ನಲ್ಲಿ, ಮೇಲ್‌ನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನಾನು ಇಂಗ್ಲೆಂಡಿನ ಎವರ್ಟನ್ ಕ್ಲಬ್ ಕಡೆಯವನು. ಯಾಕೆ ಅಂತ ಕೇಳಬೇಡಿ, ಆ ಪ್ರಶ್ನೆಗೆ ನನ್ನ ಹೆಂಡತಿಗೇ ಇನ್ನೂ ಉತ್ತರ ಸಿಕ್ಕಿಲ್ಲ. ಶಿಕ್ಷೆಯ ಬಗ್ಗೆ ನಾನು ಬರೆದದ್ದನ್ನು ಆ ಲೆಕ್ಕ ಇಟ್ಟುಕೊಂಡೇ ಓದಿ.

## ಶುರುವಿನ ಪ್ರಶ್ನೆಗಳು

ಆ ಸೂಪರ್ ಲೀಗ್ ಗಲಾಟೆ ಅಂದ್ರೆ ಏನು? ನಾನು ಆಗ ಫುಟ್‌ಬಾಲ್ ನೋಡ್ತಿರಲಿಲ್ಲ.

2021ರ ಏಪ್ರಿಲ್ 18, ಭಾನುವಾರ. ಇಂಗ್ಲೆಂಡಿನಲ್ಲಿ ರಾತ್ರಿ ಹನ್ನೊಂದು ದಾಟಿತ್ತು, ನಮ್ಮಲ್ಲಿ ಸೋಮವಾರ ಬೆಳಗಿನ ಜಾವ. ಯುರೋಪಿನ 12 ಕ್ಲಬ್‌ಗಳು ಸೇರಿ ಹೊಸ ಲೀಗ್ ಮಾಡುತ್ತೇವೆ ಎಂದು ಪ್ರಕಟಿಸಿದವು. ಇಂಗ್ಲೆಂಡಿನಿಂದ ಆರ್ಸೆನಲ್, ಚೆಲ್ಸಿ, ಲಿವರ್‌ಪೂಲ್, ಟಾಟನ್‌ಹ್ಯಾಮ್ ಮತ್ತು ಮ್ಯಾಂಚೆಸ್ಟರ್‌ನ ಎರಡೂ ತಂಡಗಳು. ಇಟಲಿಯಿಂದ ಯುವೆಂಟಸ್, ಮಿಲಾನ್, ಇಂಟರ್. ಸ್ಪೇನ್‌ನಿಂದ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಟ್ಲೆಟಿಕೊ. ಒಟ್ಟು 20 ತಂಡಗಳ ಲೀಗ್ ಅದು. ಅದರಲ್ಲಿ 15 ತಂಡಗಳಿಗೆ ಖಾಯಂ ಸೀಟು. ಉಳಿದ ಐದು ಜಾಗಕ್ಕೆ ಮಾತ್ರ ಬೇರೆಯವರು ವರ್ಷ ವರ್ಷವೂ ಬಡಿದಾಡಬೇಕು. ದುಡ್ಡಿಗೆ ಬೆನ್ನೆಲುಬಾಗಿ ನಿಂತದ್ದು ಜೆಪಿ ಮಾರ್ಗನ್ ಬ್ಯಾಂಕ್. ಸ್ಥಾಪಕ ಕ್ಲಬ್‌ಗಳಿಗೆ ಸೇರಿ ಮೊದಲೇ 350 ಕೋಟಿ ಯೂರೋ ಎಂದು ಹೇಳಿದ್ದರು. ಜರ್ಮನಿಯ ಬಯರ್ನ್ ಮ್ಯೂನಿಕ್, ಡಾರ್ಟ್‌ಮಂಡ್ ಮತ್ತು ಪ್ಯಾರಿಸ್‌ನ ಪಿಎಸ್‌ಜಿ ಬರಲಿಲ್ಲ.

ಮಂಗಳವಾರ ಸಂಜೆ ಚೆಲ್ಸಿ-ಬ್ರೈಟನ್ ಮ್ಯಾಚ್ ಇತ್ತು. ಮೈದಾನದ ಮುಂದಿನ ರಸ್ತೆ ತುಂಬ ಚೆಲ್ಸಿ ಅಭಿಮಾನಿಗಳೇ. ತಮ್ಮದೇ ತಂಡದ ಬಸ್ಸನ್ನು ಒಳಗೆ ಬಿಡಲಿಲ್ಲ. ಒಂದು ಕಾಲದಲ್ಲಿ ಅದೇ ಜನರ ಪ್ರೀತಿಯ ಗೋಲ್‌ಕೀಪರ್ ಆಗಿದ್ದ ಪೀಟರ್ ಚೆಕ್ ಆಗ ಕ್ಲಬ್ ಆಡಳಿತದಲ್ಲಿದ್ದರು. ಅವರೇ ಗುಂಪಿನ ನಡುವೆ ಬಂದು ಸ್ವಲ್ಪ ಟೈಮ್ ಕೊಡಿ ಎಂದು ಬೇಡಿಕೊಂಡರು. ಮ್ಯಾಚ್ 15 ನಿಮಿಷ ತಡವಾಗಿ ಶುರುವಾಯಿತು. ಆ ರಾತ್ರಿ ಮುಗಿಯುವಷ್ಟರಲ್ಲಿ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದಿದ್ದವು. ಎರಡೇ ದಿನದ ಸಂಸಾರ.

ದೊಡ್ಡ ತಂಡ ದೊಡ್ಡ ತಂಡದ ಜೊತೆ ಆಡಿದ್ರೆ ನೋಡೋರಿಗೆ ಒಳ್ಳೇದಲ್ವಾ? ಅಷ್ಟು ಉರಿದು ಬೀಳೋ ಅಂಥದ್ದೇನಿತ್ತು?

ಆಡುವುದಕ್ಕೆ ಯಾರ ತಕರಾರೂ ಇರಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡದ್ದಕ್ಕೆ ತಕರಾರು.

ಇಂಗ್ಲೆಂಡಿನಲ್ಲಿ ಲೀಗುಗಳು ಮೆಟ್ಟಿಲಿನ ಹಾಗೆ: ಪಟ್ಟಿಯ ಕೊನೆಯವರು ಕೆಳಗಿನ ದರ್ಜೆಗೆ ಬೀಳುತ್ತಾರೆ, ಕೆಳಗೆ ಚೆನ್ನಾಗಿ ಆಡಿದವರು ಮೇಲೆ ಬರುತ್ತಾರೆ. ಅಲ್ಲಿನ ಸಣ್ಣ ಕ್ಲಬ್ ಲೂಟನ್ ಟೌನ್ ಕಥೆ ಹೇಳುತ್ತೇನೆ. 2008-09ರ ಸೀಸನ್ ಆ ತಂಡಕ್ಕೆ ಸೊನ್ನೆಯಿಂದಲ್ಲ, ಮೈನಸ್ 30 ಪಾಯಿಂಟ್‌ನಿಂದ ಶುರುವಾಯಿತು. ಹಳೆಯ ಆಡಳಿತದವರು ಏಜೆಂಟರಿಗೆ ದುಡ್ಡು ಕೊಟ್ಟ ರೀತಿ ಸರಿಯಿಲ್ಲ ಎಂದು 10, ದಿವಾಳಿಯಿಂದ ಹೊರಬಂದ ರೀತಿ ಸರಿಯಿಲ್ಲ ಎಂದು 20. ತಂಡ ಲೀಗಿನಿಂದಲೇ ಆಚೆ ಬಿದ್ದು ಐದನೇ ದರ್ಜೆಗೆ ಹೋಯಿತು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ 2023ರಲ್ಲಿ ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗ್ ತಲುಪಿತು. ಅವರ ಮೈದಾನ ಕೆನಿಲ್‌ವರ್ತ್ ರೋಡಿನಲ್ಲಿ ಎದುರಾಳಿ ಅಭಿಮಾನಿಗಳ ಗೇಟು ಇರುವುದು ಸಾಲುಮನೆಗಳ ನಡುವೆ. ಗೇಟು ದಾಟಿ ಕಬ್ಬಿಣದ ಮೆಟ್ಟಿಲು ಹತ್ತುವಾಗ ಕೆಳಗೆ ಯಾರದೋ ಮನೆಯ ಹಿತ್ತಿಲು ಕಾಣುತ್ತದೆ. ಅಂಥ ಮೈದಾನಕ್ಕೆ ಲಿವರ್‌ಪೂಲ್ ಬಂದು ಆಡಬೇಕಾಯಿತು, 1-1ರಲ್ಲಿ ಡ್ರಾ ಮಾಡಿಕೊಂಡು ಹೋಯಿತು. ಲೂಟನ್ ಒಂದೇ ವರ್ಷ ಉಳಿದದ್ದು, ಇರಲಿ. ಖಾಯಂ ಸೀಟಿನ ಲೀಗಿನಲ್ಲಿ ಈ ಕಥೆ ಹುಟ್ಟುವುದೇ ಇಲ್ಲ.

ಐಪಿಎಲ್‌ನಲ್ಲೂ ಯಾರೂ ಕೆಳಗೆ ಬೀಳಲ್ಲ. ಅದನ್ನ ಖುಷಿಯಾಗಿ ನೋಡ್ತೀವಲ್ಲ, ಇದಕ್ಕೆ ಮಾತ್ರ ಯಾಕೆ ಕೋಪ?

ಒಳ್ಳೆ ಪ್ರಶ್ನೆ. ಐಪಿಎಲ್ ಅನ್ನು 2008ರಲ್ಲಿ ಖಾಲಿ ಸೈಟಿನಲ್ಲಿ ಕಟ್ಟಿದರು. ಅದಕ್ಕೆ ಮೊದಲು ಅಲ್ಲಿ ಯಾರೂ ವಾಸವಿರಲಿಲ್ಲ, ಹಾಗಾಗಿ ಯಾರನ್ನೂ ಎಬ್ಬಿಸಿ ಓಡಿಸಲಿಲ್ಲ. ನಮ್ಮ ಆರ್‌ಸಿಬಿ 2017ರಲ್ಲೂ 2019ರಲ್ಲೂ ಪಟ್ಟಿಯ ಕೊನೆಗಿತ್ತು. ಫುಟ್‌ಬಾಲ್ ಲೆಕ್ಕದಲ್ಲಾದರೆ ಎರಡು ಸಲ ಕೆಳಗಿನ ಡಿವಿಷನ್‌ಗೆ ಬಿದ್ದು ಎದ್ದು ಬರಬೇಕಿತ್ತು. 2025ರಲ್ಲಿ ಕಪ್ ಗೆದ್ದ ಖುಷಿ ಆಗ ಇನ್ನೂ ಜಾಸ್ತಿ ಇರುತ್ತಿತ್ತಾ ಕಮ್ಮಿ ಇರುತ್ತಿತ್ತಾ, ಅದು ನೀವೇ ಜಗಳ ಆಡಿಕೊಳ್ಳಿ. ಯುರೋಪಿನಲ್ಲಿ ಮಾತ್ರ ನೂರು ವರ್ಷಕ್ಕಿಂತ ಹಳೆಯ ಮನೆಯಲ್ಲಿ ಎಲ್ಲರೂ ಒಟ್ಟಿಗಿದ್ದಾಗ, ದೊಡ್ಡವರು ಮಹಡಿಗೆ ಹೋಗಿ ಏಣಿ ಎಳೆದುಕೊಳ್ಳಲು ನೋಡಿದರು.

ಪ್ರೀಮಿಯರ್ ಲೀಗೇ ಒಡೆದುಕೊಂಡು ಬಂದದ್ದು ಅಂತಾರೆ. ನಿಜವಾ?

ನಿಜ. 1888ರಿಂದ ನಡೆದುಬಂದಿದ್ದ ಫುಟ್‌ಬಾಲ್ ಲೀಗಿನಿಂದ 1992ರಲ್ಲಿ ಮೇಲಿನ ಡಿವಿಷನ್‌ನ 22 ಕ್ಲಬ್‌ಗಳು ಹೊರಬಂದದ್ದೇ ಪ್ರೀಮಿಯರ್ ಲೀಗ್. ಕಾರಣ ಟಿವಿ ದುಡ್ಡು. ಸ್ಕೈ ಎಂಬ ಟಿವಿ ಕಂಪನಿ ಜೊತೆಗಿನ ಮೊದಲ ಒಪ್ಪಂದ ಐದು ವರ್ಷಕ್ಕೆ 30.4 ಕೋಟಿ ಪೌಂಡ್. ಆದರೆ ಮೂರು ತಂಡ ಕೆಳಗೆ, ಮೂರು ತಂಡ ಮೇಲೆ ಎಂಬ ಪದ್ಧತಿಯನ್ನು ಮುಟ್ಟಲಿಲ್ಲ. ಮುಂದಾಳಾಗಿದ್ದ ಐದು ದೊಡ್ಡ ಕ್ಲಬ್‌ಗಳಲ್ಲಿ ನಮ್ಮ ಎವರ್ಟನ್ನೂ ಒಂದು ಅನ್ನೋದನ್ನು ನಾನು ಗುಂಪಿನಲ್ಲಿ ಎತ್ತುವುದಿಲ್ಲ.

## ದುಡ್ಡಿನ ಲೆಕ್ಕ

ಇಷ್ಟೊಂದು ಟಿವಿ ದುಡ್ಡು ಬರುತ್ತೆ, ಆದ್ರೂ ನಷ್ಟ ನಷ್ಟ ಅಂತ ಯಾಕೆ ಅಳ್ತಾರೆ?

ಬಂದದ್ದೆಲ್ಲ ಸಂಬಳಕ್ಕೆ ಹೋಗುತ್ತದೆ. ಪಕ್ಕದವನು ಜಾಸ್ತಿ ಕೊಟ್ಟರೆ ನಾನೂ ಕೊಡಬೇಕು, ಇಲ್ಲದಿದ್ದರೆ ಕೆಳಗೆ ಬೀಳುತ್ತೇನೆ ಎಂಬ ಭಯ.

ಲೀಡ್ಸ್ ಯುನೈಟೆಡ್ ಇದಕ್ಕೆ ಹಳೆಯ ಪಾಠ. 2001ರಲ್ಲಿ ಯುರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ತಲುಪಿದರು. ಮುಂದೆಯೂ ಪ್ರತಿ ವರ್ಷ ಅಲ್ಲಿಗೆ ಹೋಗುತ್ತೇವೆ ಎಂದು ನಂಬಿ ಸಾಲ ಎತ್ತಿದರು. ಮುಂದಿನ ವರ್ಷದ ಅಡಿಕೆ ರೇಟು ನಂಬಿ ಈ ವರ್ಷ ಮಗಳ ಮದುವೆ ಜೋರಾಗಿ ಮಾಡಿದ ಹಾಗೆ. ಆ ವರ್ಷ ಅರ್ಹತೆಯೇ ಸಿಗಲಿಲ್ಲ. ಒಬ್ಬೊಬ್ಬರಾಗಿ ಆಟಗಾರರನ್ನು ಮಾರಿದರು. 2004ರಲ್ಲಿ ಮೇಲಿನ ಲೀಗಿನಿಂದ ಬಿದ್ದರು, 2007ರಲ್ಲಿ ಮೂರನೇ ದರ್ಜೆಗೆ ಬಿದ್ದರು, ಅಲ್ಲಿ 15 ಪಾಯಿಂಟ್ ಕಡಿತದೊಂದಿಗೆ ಶುರು ಮಾಡಿದರು. ಕೊನೆಗೆ ಜನರ ನೆನಪಿನಲ್ಲಿ ಉಳಿದದ್ದು ಕೋಟಿಗಟ್ಟಲೆ ಸಾಲ ಅಲ್ಲ, ಅಧ್ಯಕ್ಷರ ಕೊಠಡಿಯಲ್ಲಿ ಬಾಡಿಗೆಗೆ ತಂದಿಟ್ಟಿದ್ದ ಬಂಗಾರದ ಮೀನು!

ಪಿಎಸ್‌ಆರ್ ಅಂದ್ರೆ ಏನು? ಲೆಕ್ಕದ ಮೇಷ್ಟ್ರಲ್ಲದವರಿಗೂ ಅರ್ಥ ಆಗೋ ಹಾಗೆ ಹೇಳಿ.

ಲಾಭ ಮತ್ತು ಬಾಳಿಕೆಯ ನಿಯಮ ಅನ್ನಬಹುದು, 2025-26ರ ಸೀಸನ್‌ವರೆಗಿನದು. ಮೂರು ವರ್ಷ ಕೂಡಿಸಿದರೆ ಒಂದು ಪ್ರೀಮಿಯರ್ ಲೀಗ್ ಕ್ಲಬ್ಬಿನ ನಷ್ಟ 10.5 ಕೋಟಿ ಪೌಂಡ್ ದಾಟಬಾರದು. ಅದರಲ್ಲೂ 9 ಕೋಟಿಯನ್ನು ಮಾಲೀಕ ಸಾಲವಾಗಿ ಅಲ್ಲ, ಬಂಡವಾಳವಾಗಿ ತುಂಬಿಕೊಡಬೇಕು. ತುಂಬದಿದ್ದರೆ ಮಿತಿ ಬರೀ 1.5 ಕೋಟಿ. ಮೈದಾನ ಕಟ್ಟಿದ ಖರ್ಚು, ಹುಡುಗರ ಅಕಾಡೆಮಿ, ಮಹಿಳಾ ತಂಡ, ಊರಿಗೆ ಮಾಡಿದ ಸಮಾಜಸೇವೆ, ಇವು ಲೆಕ್ಕಕ್ಕಿಲ್ಲ. ಲೆಕ್ಕದ ವರ್ಷ ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಮಾರ್ಚ್ 31 ಬಂದಾಗ ಆಫೀಸಿನಲ್ಲಿ ಓಡಾಟ ಆಗುತ್ತದಲ್ಲ, ಹಾಗೆ.

10 ಕೋಟಿ ಪೌಂಡ್ ಕೊಟ್ಟು ಆಟಗಾರನ್ನ ತಂದು ಪುಸ್ತಕದಲ್ಲಿ 2 ಕೋಟಿ ಅಂತ ಬರೀತಾರಂತೆ. ಮೋಸ ಅಲ್ವಾ?

ಮೋಸ ಅಲ್ಲ. ಐದು ವರ್ಷದ ಕಾಂಟ್ರ್ಯಾಕ್ಟ್ ಆದರೆ ಖರ್ಚನ್ನು ಐದು ಭಾಗ ಮಾಡಿ ಬರೆಯುತ್ತಾರೆ. ಅಂಗಡಿಯವರು ಫ್ರಿಜ್ ತಂದು ಅದರ ಬೆಲೆಯನ್ನು ಹಲವು ವರ್ಷಕ್ಕೆ ಹಂಚಿ ಬರೆಯುವುದೂ ಹೀಗೇ. ಆದರೆ ಚೆಲ್ಸಿಯವರು ಇದನ್ನು ಎಳೆದು ಎಳೆದು ರಬ್ಬರ್ ಮಾಡಿದರು. 2023ರಲ್ಲಿ ಮುದ್ರಿಕ್ ಎಂಬ ಆಟಗಾರನಿಗೆ ಎಂಟೂವರೆ ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟರು. ಭಾಗ ಜಾಸ್ತಿಯಾದಷ್ಟೂ ವರ್ಷದ ಖರ್ಚು ಕಮ್ಮಿ ಕಾಣುತ್ತದೆ. ಅದೇ ವರ್ಷ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ, ಆಮೇಲೆ ಪ್ರೀಮಿಯರ್ ಲೀಗ್ ಕೂಡ, ಕಾಂಟ್ರ್ಯಾಕ್ಟ್ ಎಷ್ಟೇ ಉದ್ದ ಇರಲಿ ಐದೇ ಭಾಗ ಎಂದು ಗೆರೆ ಎಳೆದವು. ಚೆಲ್ಸಿ ಮತ್ತೊಂದು ದಾರಿ ಹಿಡಿಯಿತು: ತನ್ನ ಎರಡು ಹೋಟೆಲ್‌ಗಳನ್ನು ತನ್ನದೇ ಬಳಗದ ಇನ್ನೊಂದು ಕಂಪನಿಗೆ ಮಾರಿ ಲಾಭ ತೋರಿಸಿತು. ಬಲಗೈಯಿಂದ ಎಡಗೈಗೆ ವ್ಯಾಪಾರ. ಪ್ರೀಮಿಯರ್ ಲೀಗ್ ಒಪ್ಪಿತು, ಯುಇಎಫ್‌ಎ ಒಪ್ಪಲಿಲ್ಲ. 2025ರಲ್ಲಿ ಯುಇಎಫ್‌ಎ ಹಾಕಿದ ದಂಡ 3.1 ಕೋಟಿ ಯೂರೋ.

ಸ್ವಂತ ಊರಿನ ಹುಡುಗರನ್ನೇ ಯಾಕೆ ಮೊದಲು ಮಾರ್ತಾರೆ? ಹೊಟ್ಟೆ ಉರಿಯುತ್ತೆ.

ನಿಯಮದ ವಿಚಿತ್ರ ಇದು. ಹೊರಗಿನಿಂದ ತಂದವನ ಮೇಲೆ ಪುಸ್ತಕದಲ್ಲಿ ಇನ್ನೂ ಬಾಕಿ ಇರುತ್ತದೆ. ಮಾರಿದ ಬೆಲೆಯಲ್ಲಿ ಅದನ್ನು ಕಳೆಯಬೇಕು. ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಕೊಟ್ಟ ಬೆಲೆ ಸೊನ್ನೆ. ಹಾಗಾಗಿ ಮಾರಿದ್ದೆಲ್ಲ ಲಾಭ.

ಎಲಿಯಟ್ ಆಂಡರ್ಸನ್ ನ್ಯೂಕ್ಯಾಸಲ್ ಭಾಗದವನೇ. ಎಂಟರ ವಯಸ್ಸಿನಿಂದ ಆ ಕ್ಲಬ್ಬಿನಲ್ಲೇ ಬೆಳೆದವನು. 2024ರ ಜೂನ್ ಕೊನೆಯಲ್ಲಿ, ಲೆಕ್ಕದ ಪುಸ್ತಕ ಮುಚ್ಚುವ ಹೊತ್ತಿಗೆ, ಅವನನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಮಾರಿಬಿಟ್ಟರು. ಆಟ ಸಾಲದು ಅಂತಲ್ಲ, ಲೆಕ್ಕ ಸರಿಹೋಗಬೇಕಿತ್ತು. ಮುಂದಿನ ವರ್ಷವೇ ಅವನು ಇಂಗ್ಲೆಂಡ್ ತಂಡದಲ್ಲಿ ಆಡಿದ. ಅದೇ ಜೂನ್‌ನಲ್ಲಿ ಆಸ್ಟನ್ ವಿಲ್ಲಾ ಮತ್ತು ಎವರ್ಟನ್ ನಡುವೆ ಒಬ್ಬ ಹುಡುಗ ಆಚೆ, ಒಬ್ಬ ಹುಡುಗ ಈಚೆ ಆದರು. ಎರಡೂ ಕಡೆ ಲಾಭ ಬಂತು, ಕಾಗದದ ಮೇಲೆ. ಕ್ಲಬ್ಬನ್ನು ಉಳಿಸಲು ಬರೆದ ನಿಯಮ ಕ್ಲಬ್ಬಿನ ಬೇರನ್ನೇ ಮಾರಿಸಿದರೆ ಅದನ್ನು ಬರೆದವರು ಮತ್ತೊಮ್ಮೆ ಕೂತು ಯೋಚಿಸಬೇಕು.

## ಶಿಕ್ಷೆಯ ವಿಷಯ

ಎವರ್ಟನ್‌ಗೆ 10 ಪಾಯಿಂಟ್ ಕಿತ್ತದ್ದು ಸರಿನಾ? ಅಭಿಮಾನ ಪಕ್ಕಕ್ಕಿಟ್ಟು ನಿಜ ಹೇಳಿ.

2023ರ ನವೆಂಬರ್ 17, ಶುಕ್ರವಾರ. ಆಫೀಸು ಮುಗಿಸಿ ಜಯನಗರದ ಒಂದು ದರ್ಶಿನಿಯಲ್ಲಿ ನಿಂತಿದ್ದೆ. ಬೈಟು ಕಾಫಿ ಬಂದಿತ್ತು. ಫೋನ್ ತೆಗೆದರೆ ಮೂವತ್ತೆರಡು ಮೆಸೇಜು. ಆ ದಿನ ಬೆಳಿಗ್ಗೆ 14 ಪಾಯಿಂಟ್ ಇಟ್ಟುಕೊಂಡು 14ನೇ ಸ್ಥಾನದಲ್ಲಿದ್ದ ತಂಡ ನಾಲ್ಕೇ ಪಾಯಿಂಟಿಗೆ ಇಳಿದು 19ನೇ ಸ್ಥಾನದಲ್ಲಿತ್ತು, ಒಂದು ಗೋಲೂ ಬಿಟ್ಟುಕೊಡದೆ. ಜೊತೆಗಿದ್ದ ಗೆಳೆಯ ಎವರ್ಟನ್‌ನ ಹಳೆಯ ಎದುರಾಳಿ ಲಿವರ್‌ಪೂಲ್ ಕಡೆಯವನು, ಕಾಫಿ ದುಡ್ಡು ತಾನೇ ಕೊಟ್ಟ. ಅದು ಜಾಸ್ತಿ ನೋವಾಯಿತು.

ನಿಜ ಹೇಳುತ್ತೇನೆ. ತಪ್ಪು ಮಾಡಿದ್ದು ಹೌದು. ನಷ್ಟ 12.45 ಕೋಟಿ ಪೌಂಡ್, ಮಿತಿಗಿಂತ 1.95 ಕೋಟಿ ಜಾಸ್ತಿ. ವರ್ಷಗಟ್ಟಲೆ ಕಂಡಕಂಡವರನ್ನು ಕೊಂಡರು, ಮ್ಯಾನೇಜರ್‌ಗಳನ್ನು ಬದಲಿಸಿದರು. ಶಿಕ್ಷೆ ಬೇಕಿತ್ತು. ನನ್ನ ತಕರಾರು ಅಳತೆಯ ಬಗ್ಗೆ. ಎಷ್ಟು ತಪ್ಪಿಗೆ ಎಷ್ಟು ಪಾಯಿಂಟ್ ಎಂಬ ಪಟ್ಟಿಯೇ ಇರಲಿಲ್ಲ. ಮೇಲ್ಮನವಿಯಲ್ಲಿ 10 ಹೋಗಿ 6 ಆಯಿತು. ಏಪ್ರಿಲ್‌ನಲ್ಲಿ ಮುಂದಿನ ಲೆಕ್ಕಕ್ಕೆ ಇನ್ನೆರಡು ಕಡಿದರು. ಒಂದೇ ಸೀಸನ್‌ನಲ್ಲಿ ಮೂರು ಸಲ ಪಟ್ಟಿ ಬದಲಾಯಿತು. ಯಾರು ಬೀಳುತ್ತಾರೆ ಎಂದು ಮೈದಾನದಲ್ಲಿ ನೋಡಬೇಕೋ ವಕೀಲರನ್ನು ಕೇಳಬೇಕೋ ತಿಳಿಯುತ್ತಿರಲಿಲ್ಲ. ಕೊನೆಗೆ 40 ಪಾಯಿಂಟ್‌ನೊಂದಿಗೆ ಉಳಿದುಕೊಂಡೆವು.

ಫಾರೆಸ್ಟ್‌ನವರು ಆಟಗಾರನನ್ನು ಮಾರಿದ್ರೂ ಶಿಕ್ಷೆ ಯಾಕಾಯ್ತು?

ತಡ ಮಾಡಿದ್ದಕ್ಕೆ. ಬ್ರೆನನ್ ಜಾನ್ಸನ್‌ನನ್ನು ಜೂನ್ 30ರೊಳಗೆ ಮಾರಿದ್ದರೆ ಲೆಕ್ಕ ಬಹುಪಾಲು ಸರಿಹೋಗುತ್ತಿತ್ತು. ಕಾದರೆ ಜಾಸ್ತಿ ಬೆಲೆ ಬರುತ್ತದೆ ಎಂದು ಕಾದರು. ಸೆಪ್ಟೆಂಬರ್ 1ಕ್ಕೆ ಟಾಟನ್‌ಹ್ಯಾಮ್‌ಗೆ 4.75 ಕೋಟಿ ಪೌಂಡಿಗೆ ಮಾರಿದರು. ಬೆಲೆ ಜಾಸ್ತಿಯೇ ಬಂತು, ಜೊತೆಗೆ ನಾಲ್ಕು ಪಾಯಿಂಟ್ ಹೋಯಿತು. ವ್ಯಾಪಾರಿಯ ಬುದ್ಧಿಗೆ ಇದು ಸರಿಯಾದ ನಿರ್ಧಾರವೇ, ಅಲ್ವಾ?

ಲೀಗನ್ನೇ ಒಡೆಯೋಕೆ ಹೋದ ಆರು ಕ್ಲಬ್‌ಗೆ ಒಂದು ಪಾಯಿಂಟೂ ಕಡಿತ ಇಲ್ಲ. ಇದು ಯಾವ ನ್ಯಾಯ?

ಆರು ಕ್ಲಬ್ ಸೇರಿ ಕೊಟ್ಟದ್ದು 2.2 ಕೋಟಿ ಪೌಂಡ್. ಅದನ್ನೂ ದಂಡ ಎನ್ನಲಿಲ್ಲ, ಸದ್ಭಾವನೆಯ ಕೊಡುಗೆ ಎಂದರು. ತಲೆಗೆ 40 ಲಕ್ಷವೂ ಇಲ್ಲ. ಆ ಕ್ಲಬ್‌ಗಳಲ್ಲಿ ಒಬ್ಬ ಸಾಧಾರಣ ಆಟಗಾರನ ವರ್ಷದ ಸಂಬಳ ಅದು. ಇನ್ನೊಂದು ಸಲ ಹೀಗೆ ಮಾಡಿದರೆ ತಲಾ 2.5 ಕೋಟಿ ಪೌಂಡ್ ಮತ್ತು 30 ಪಾಯಿಂಟ್ ಎಂದು ಬರೆಸಿಕೊಂಡರು.

ಸಮರ್ಥಿಸುವವರು ಹೇಳುವುದು ಇದು: ಆಟಗಾರರಿಗೂ ಕೋಚ್‌ಗಳಿಗೂ ವಿಷಯವೇ ಗೊತ್ತಿರಲಿಲ್ಲ, ಬೀದಿಗಿಳಿದು ನಿಲ್ಲಿಸಿದ್ದು ಅದೇ ಕ್ಲಬ್‌ಗಳ ಅಭಿಮಾನಿಗಳು, ಅವರಿಗೇ ಶಿಕ್ಷೆ ಕೊಡುವುದಾ? ಮಾತು ಸರಿ. ಹಾಗಾದರೆ ಎವರ್ಟನ್‌ನ ಲೆಕ್ಕ ಬರೆದದ್ದು ಗೂಡಿಸನ್ ಪಾರ್ಕಿನ ಗ್ಯಾಲರಿಯಲ್ಲಿ ಕೂತವರಾ? ಈ ಪ್ರಶ್ನೆಗೆ ಇದುವರೆಗೂ ನನ್ನ ಲಿವರ್‌ಪೂಲ್ ಗೆಳೆಯ ಉತ್ತರ ಕೊಟ್ಟಿಲ್ಲ.

ಮ್ಯಾಂಚೆಸ್ಟರ್ ಸಿಟಿ ಮೇಲಿನ 115 ಆರೋಪ ಯಾಕೆ ಇಷ್ಟು ಎಳೀತು? ಎವರ್ಟನ್‌ದು ಬೇಗ ಮುಗೀತಲ್ಲ?

ಎವರ್ಟನ್ ಮಿತಿ ಮೀರಿದ್ದನ್ನು ಒಪ್ಪಿಕೊಂಡಿತ್ತು. ಬಾಕಿ ಇದ್ದದ್ದು ಶಿಕ್ಷೆಯ ಪ್ರಮಾಣ ಮಾತ್ರ. ಸಿಟಿ ಏನನ್ನೂ ಒಪ್ಪಿಲ್ಲ. ಮುಖ್ಯವಾಗಿ ದುಡ್ಡಿನ ನಿಯಮ ಮುರಿದರು ಎಂದು ಪ್ರೀಮಿಯರ್ ಲೀಗ್ ಆರೋಪ ಹೊರಿಸಿದ್ದು 2023ರ ಫೆಬ್ರುವರಿಯಲ್ಲಿ, ಅವು 2009ರಷ್ಟು ಹಿಂದಕ್ಕೆ ಹೋಗುತ್ತವೆ. ವಿಚಾರಣೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯಿತು. ಆಮೇಲೂ ತಿಂಗಳುಗಟ್ಟಲೆ ಕಾಯುವುದೇ ಆಯಿತು. ಇದಕ್ಕೂ ಮೊದಲು 2020ರಲ್ಲಿ ಯುಇಎಫ್‌ಎ ಎರಡು ವರ್ಷದ ನಿಷೇಧ ಹಾಕಿತ್ತು. ಕ್ರೀಡಾ ನ್ಯಾಯಮಂಡಳಿ ಅದನ್ನು ರದ್ದು ಮಾಡಿ ದಂಡವನ್ನು 3 ಕೋಟಿಯಿಂದ 1 ಕೋಟಿ ಯೂರೋಗೆ ಇಳಿಸಿತು. ಕೆಲವು ಆರೋಪಗಳಿಗೆ ಸಾಕ್ಷಿ ಸಾಲಲಿಲ್ಲ, ಕೆಲವಕ್ಕೆ ಕಾಲಮಿತಿ ಮೀರಿತ್ತು.

ಕಟ್ಟುನಿಟ್ಟಾಗಿ ಹೊರಗೆ ಹಾಕಿದ್ರೆ ಬುದ್ಧಿ ಬರಲ್ವಾ?

ಯಾರಿಗೆ ಬುದ್ಧಿ ಬರಬೇಕು ಎಂಬುದು ಪ್ರಶ್ನೆ. ಮ್ಯಾಂಚೆಸ್ಟರ್ ಪಕ್ಕದ ಬರಿ ಕ್ಲಬ್ 1885ರದ್ದು. ಇಂಗ್ಲೆಂಡಿನ ಹಳೆಯ ಪಂದ್ಯಾವಳಿ ಎಫ್‌ಎ ಕಪ್ ಎರಡು ಸಲ ಗೆದ್ದಿದೆ, 1903ರ ಫೈನಲ್‌ನಲ್ಲಿ 6-0. ಅದನ್ನು ಒಬ್ಬರು ಒಂದೇ ಒಂದು ಪೌಂಡಿಗೆ ಕೊಂಡರು. 2019ರಲ್ಲಿ ತಂಡ ಮೇಲಿನ ಡಿವಿಷನ್‌ಗೆ ಏರಿತು, ಆದರೆ ಸಂಬಳ ಕೊಡಲು ದುಡ್ಡಿರಲಿಲ್ಲ. ಆ ಆಗಸ್ಟ್ ಕೊನೆಯ ವಾರ ಊರಿನವರು ಪೊರಕೆ ಹಿಡಿದು ಮೈದಾನ ಗುಡಿಸಲು ಬಂದಿದ್ದರು, ಶನಿವಾರ ಮ್ಯಾಚ್ ನಡೆಯಬಹುದು ಎಂಬ ಆಸೆಯಿಂದ. 27ನೇ ತಾರೀಖು ಲೀಗಿನಿಂದ ಹೊರಹಾಕಿದರು. ಮಾಲೀಕ ಕಳೆದುಕೊಂಡದ್ದೆಷ್ಟೋ, ಆ ಊರು ಶನಿವಾರಗಳನ್ನೇ ಕಳೆದುಕೊಂಡಿತು.

ಗ್ಲ್ಯಾಸ್ಗೋದ ರೇಂಜರ್ಸ್ ಕಥೆ ಬೇರೆ ತರಹ. 2012ರಲ್ಲಿ ದಿವಾಳಿಯಾಗಿ ಸ್ಕಾಟ್ಲೆಂಡಿನ ನಾಲ್ಕನೇ ದರ್ಜೆಯಿಂದ ಶುರು ಮಾಡಬೇಕಾಯಿತು. ಅಲ್ಲಿನ ಮೊದಲ ತವರು ಲೀಗ್ ಮ್ಯಾಚ್‌ಗೆ ಬಂದವರು 49,118 ಜನ. ಕ್ಲಬ್ ಬದುಕಿದ್ದು ಅವರಿಂದ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಯುರೋಪಿನ ಕೋರ್ಟ್ ಸೂಪರ್ ಲೀಗ್ ಪರವಾಗಿ ತೀರ್ಪು ಕೊಟ್ಟಿತಲ್ಲ?

ಅರ್ಧ ನಿಜ. 2023ರ ಡಿಸೆಂಬರ್ 21ರ ತೀರ್ಪು ಹೇಳಿದ್ದು: ಹೊಸ ಲೀಗಿಗೆ ನಮ್ಮ ಅನುಮತಿ ಬೇಕು ಎನ್ನುವ ಫಿಫಾ ಮತ್ತು ಯುಇಎಫ್‌ಎ ನಿಯಮಗಳಲ್ಲಿ ಪಾರದರ್ಶಕ ಮಾನದಂಡ ಇಲ್ಲ, ಅದು ಮೇಲುಗೈಯ ದುರುಪಯೋಗ. ಆದರೆ ಈ ಲೀಗಿಗೆ ಅನುಮತಿ ಕೊಡಲೇಬೇಕು ಎಂದು ಹೇಳಲಿಲ್ಲ.

ನಮಗೆ ಇದು ಹೊಸದಲ್ಲ. 2007ರಲ್ಲಿ ಇಂಡಿಯನ್ ಕ್ರಿಕೆಟ್ ಲೀಗ್ ಶುರುವಾದಾಗ ಅಲ್ಲಿಗೆ ಹೋದವರನ್ನು ಬಿಸಿಸಿಐ ದೂರ ಇಟ್ಟಿತು. ಮುಂದೆ ಐಪಿಎಲ್ ಪ್ರಸಾರದ ಒಪ್ಪಂದದಲ್ಲಿ ಬೇರೆ ಇಂಥ ಲೀಗಿಗೆ ಮಾನ್ಯತೆ ಕೊಡುವುದಿಲ್ಲ ಎಂಬ ಷರತ್ತು ಇದ್ದದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2013ರಲ್ಲಿ ಬಿಸಿಸಿಐಗೆ 52.24 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ಬಿದ್ದುಹೋದರೂ 2017ರಲ್ಲಿ ಆಯೋಗ ಮತ್ತೆ ಅಷ್ಟೇ ಹಾಕಿತು. ಆಟ ನಡೆಸುವವರೇ ಅಂಗಡಿಯನ್ನೂ ಇಟ್ಟರೆ ಪಕ್ಕದಲ್ಲಿ ಇನ್ನೊಂದು ಅಂಗಡಿಗೆ ಲೈಸೆನ್ಸ್ ಯಾಕೆ ಕೊಡುತ್ತಾರೆ ಎಂಬುದೇ ಎರಡೂ ಕಡೆಯ ತಕರಾರು.

ಜರ್ಮನಿಯ 50+1 ಅಂದ್ರೆ ಏನು? ಅದೇ ಮದ್ದು ಅಂತಾರೆ.

ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಒಂದಾದರೂ ಜಾಸ್ತಿ ಸದಸ್ಯರ ಕೈಯಲ್ಲೇ ಇರಬೇಕು. ಬಾಯರ್ ಕಂಪನಿಯ ಲೆವರ್ಕುಸೆನ್, ಫೋಕ್ಸ್‌ವಾಗನ್‌ನ ವುಲ್ಫ್ಸ್‌ಬರ್ಗ್ ಇದಕ್ಕೆ ಹೊರತು. ಬಯರ್ನ್, ಡಾರ್ಟ್‌ಮಂಡ್ ಸೂಪರ್ ಲೀಗಿಗೆ ಹೋಗದಿರಲು ಇದೂ ಒಂದು ಕಾರಣ: ಸದಸ್ಯರ ಮುಂದೆ ಉತ್ತರ ಕೊಡಬೇಕಲ್ಲ. 2024ರ ಆರಂಭದಲ್ಲಿ ಜರ್ಮನ್ ಲೀಗ್ ಹೊರಗಿನ ಹೂಡಿಕೆದಾರರಿಗೆ ಪಾಲು ಕೊಡಲು ಹೊರಟಾಗ ಗ್ಯಾಲರಿಯಿಂದ ಟೆನಿಸ್ ಚೆಂಡುಗಳ ಮಳೆ ಸುರಿಯಿತು. ಪ್ರತಿ ವಾರ ಮ್ಯಾಚ್ ನಿಲ್ಲಿಸಿ ಹೆಕ್ಕಬೇಕಿತ್ತು. ಫೆಬ್ರುವರಿಯಲ್ಲಿ ಲೀಗ್ ಯೋಜನೆ ಕೈಬಿಟ್ಟಿತು. ಹಾಗಂತ ಅದು ಎಲ್ಲಕ್ಕೂ ಮದ್ದಲ್ಲ. 2013ರಿಂದ 2023ರವರೆಗೆ ಹನ್ನೊಂದು ವರ್ಷ ಒಂದೇ ತಂಡ ಗೆದ್ದದ್ದೂ ಜರ್ಮನಿಯಲ್ಲೇ.

ತಪ್ಪು ಮಾಡಿದ ಮೇಲೆ ಶಿಕ್ಷಿಸೋ ಬದಲು ಮೊದಲೇ ತಡೆಯೋಕಾಗಲ್ವಾ?

ಆಗುತ್ತದೆ, ನನ್ನ ಒಲವೂ ಅದಕ್ಕೇ. ಸ್ಪೇನ್‌ನಲ್ಲಿ ಪ್ರತಿ ಕ್ಲಬ್ಬಿಗೂ ಸೀಸನ್‌ಗೆ ಮೊದಲೇ ಖರ್ಚಿನ ಮಿತಿ ಹೇಳುತ್ತಾರೆ. ಮೀರಿದರೆ ಆಟಗಾರನ ನೋಂದಣಿಯೇ ಆಗುವುದಿಲ್ಲ. 2021ರಲ್ಲಿ ಮೆಸ್ಸಿ ಕಣ್ಣೀರು ಒರೆಸಿಕೊಳ್ಳುತ್ತ ಬಾರ್ಸಿಲೋನಾ ಬಿಟ್ಟದ್ದು ಇದರಿಂದಲೇ. ಕಠಿಣ ಅನಿಸುತ್ತದೆ. ಆದರೆ ನೋವು ಆಗಸ್ಟ್‌ನಲ್ಲೇ ಮುಗಿಯಿತು, ಏಪ್ರಿಲ್‌ನಲ್ಲಿ ಯಾರೂ ಪಟ್ಟಿ ತಿದ್ದಲಿಲ್ಲ.

ಇಂಗ್ಲೆಂಡೂ ಆ ಕಡೆಗೆ ಹೊರಳುತ್ತಿದೆ. ತಂಡದ ಖರ್ಚು ಆದಾಯದ ಶೇ. 85 ಮೀರಬಾರದು ಎಂಬ ನಿಯಮಕ್ಕೆ 2025ರ ನವೆಂಬರ್‌ನಲ್ಲಿ ಕ್ಲಬ್‌ಗಳು ಮತ ಹಾಕಿದವು, 2026-27ರಿಂದ ಪಿಎಸ್‌ಆರ್ ಬದಲಿಗೆ. ಯುಇಎಫ್‌ಎ ಮಿತಿ ಶೇ. 70. ಜೊತೆಗೆ 2025ರ ಜುಲೈನಲ್ಲಿ ಅಲ್ಲಿ ಕಾನೂನೇ ಬಂತು. ಸ್ವತಂತ್ರ ನಿಯಂತ್ರಕ, ಕ್ಲಬ್‌ಗಳಿಗೆ ಲೈಸೆನ್ಸ್, ಮಾಲೀಕರ ಹಿನ್ನೆಲೆ ಪರೀಕ್ಷೆ, ಒಡಕು ಲೀಗಿಗೆ ಸೇರಲು ತಡೆ. ಬರಿಯಂಥ ಕ್ಲಬ್ಬನ್ನು ಒಂದು ಪೌಂಡಿಗೆ ಕೊಳ್ಳುವವರನ್ನು ಬಾಗಿಲಲ್ಲೇ ನಿಲ್ಲಿಸಿ ದುಡ್ಡು ಎಲ್ಲಿದೆ ತೋರಿಸಪ್ಪಾ ಎಂದು ಕೇಳಲು ಈಗ ಒಬ್ಬರಿದ್ದಾರೆ.

ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕೂಡ ಒಡಕು ಲೀಗೇ ಅಲ್ವಾ? ಬೆಂಗಳೂರು ಎಫ್‌ಸಿ ಯಾವ ಕಡೆ?

ಒಡೆದುಕೊಂಡು ಹೋದದ್ದಲ್ಲ, ಫೆಡರೇಷನ್ನೇ ಆಶೀರ್ವಾದ ಮಾಡಿ ಪಕ್ಕದಲ್ಲಿ ಕೂರಿಸಿದ್ದು. 2010ರಲ್ಲಿ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ವಾಣಿಜ್ಯ ಹಕ್ಕು ಕೊಟ್ಟರು, 2014ರಲ್ಲಿ ಐಎಸ್‌ಎಲ್ ಬಂತು. ಆಗಲೇ ದೇಶದ ಮೇಲಿನ ದರ್ಜೆಯ ಲೀಗಾಗಿ ಐ-ಲೀಗ್ ಇತ್ತು. ಬೆಂಗಳೂರು ಎಫ್‌ಸಿ ಹುಟ್ಟಿದ್ದು ಐ-ಲೀಗಿನಲ್ಲಿ, 2013ರಲ್ಲಿ. ಮೊದಲ ವರ್ಷವೇ ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಪ್ರಶಸ್ತಿ ಗೆದ್ದರು. 2017ರಲ್ಲಿ ಐಎಸ್‌ಎಲ್‌ಗೆ ಹೋದರು. ಹೋಗದೆ ಗತಿ ಇರಲಿಲ್ಲ, ದುಡ್ಡೂ ಟಿವಿಯೂ ಅಲ್ಲೇ ಇತ್ತು. 2016ರಲ್ಲೇ ಗೋವಾದ ಡೆಂಪೊ, ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್‌ಗಳು ಇದೇ ವಿಷಯಕ್ಕೆ ಬೇಸತ್ತು ಐ-ಲೀಗ್ ಬಿಟ್ಟಿದ್ದವು. ಐ-ಲೀಗ್ ಗೆದ್ದವರು ಮೇಲಕ್ಕೆ ಬರುವ ಬಾಗಿಲು ತೆರೆದದ್ದು 2023ರಲ್ಲಿ, ಪಂಜಾಬ್ ಎಫ್‌ಸಿಗೆ.

ಹಕ್ಕಿನ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಎಂದು ಯಾರಿಗೂ ಸ್ಪಷ್ಟ ಇರಲಿಲ್ಲ. ಜುಲೈನಲ್ಲಿ ಸೀಸನ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಸೆಪ್ಟೆಂಬರ್ ಬಂದಾಗ, ಪ್ರತಿ ವರ್ಷ ಕಂಠೀರವಕ್ಕೆ ಟಿಕೆಟ್ ತೆಗೆಸುವ ನಮ್ಮ ಗುಂಪಿನವನು ಮ್ಯಾಚ್ ಯಾವಾಗ ಅಂತ ವಾಟ್ಸಾಪ್‌ನಲ್ಲಿ ಕೇಳಿದ. ಎರಡು ದಿನ ಯಾರೂ ಉತ್ತರ ಹಾಕಲಿಲ್ಲ.